ಮಗಳಿಗೆ ಷೇರು ಪರಿಚಯಿಸಿದ ಬೇಸಿಗೆ ರಜೆ

ಏಳನೆಯ ತರಗತಿಯ ಪರೀಕ್ಷೆ ಮುಗಿದ ಮರುದಿನ ನನ್ನ ಮಗಳು ಹುಂಡಿ ಒಡೆದು ಎಣಿಸಿದಾಗ ಅದರಲ್ಲಿ 5,300 ರೂಪಾಯಿ ಇತ್ತು. ಯುಗಾದಿಗೆ ಅಜ್ಜಿ ಕೊಟ್ಟದ್ದು, ಊರಿಗೆ ಹೊರಡುವಾಗ ಸೋದರಮಾವ ಕೈಗಿಟ್ಟದ್ದು, ಹುಟ್ಟುಹಬ್ಬಕ್ಕೆ ಬಂದದ್ದು ಎಲ್ಲ ಸೇರಿ ಮೂರು ವರ್ಷ ಕೂಡಿಟ್ಟ ಹಣವದು. ನೋಟುಗಳನ್ನು ನೆಲದ ಮೇಲೆ ಸಾಲಾಗಿ ಜೋಡಿಸಿಟ್ಟು, "ಅಮ್ಮಾ, ಷೇರಿಗೆ ಹಾಕಿದ್ರೆ ಆರೇ ತಿಂಗಳಲ್ಲಿ ಡಬಲ್ ಆಗುತ್ತಂತೆ, ಹೌದಾ?" ಎಂದು ಕೇಳಿದಳು. ಗೆಳತಿಯ ಅಣ್ಣ ಮೊಬೈಲಿನಲ್ಲಿ ಯಾವುದೋ ವಿಡಿಯೊ ತೋರಿಸಿದ್ದನಂತೆ.

ನನಗೆ ಅಳುಕಾಯಿತು. ಕೆಲಸಕ್ಕೆ ಸೇರಿದ ಎರಡನೆಯ ವರ್ಷ, ಪಕ್ಕದ ಮೇಜಿನವರ ಮಾತು ನಂಬಿ, ಏನು ತಯಾರಿಸುತ್ತದೆ ಎಂಬುದೂ ಗೊತ್ತಿಲ್ಲದ ಒಂದು ಕಂಪನಿಯ ಷೇರಿಗೆ 40,000 ರೂಪಾಯಿ ಹಾಕಿ, ಅದರಲ್ಲಿ ಬಹುಪಾಲನ್ನು ನಾನು ಕಳೆದುಕೊಂಡಿದ್ದೆ. ಹಣ ಹೋದ ಬೇಸರ ಒಂದೆರಡು ವರ್ಷಕ್ಕೆ ಆರಿತು. ಅದು ಏಕೆ ಹೋಯಿತೆಂದು ಅರ್ಥವಾಗದೆ ಉಳಿದದ್ದು ಬಹಳ ಕಾಲ ಕಾಡಿತು. "ಅದೆಲ್ಲ ಜೂಜು, ಬೇಡ" ಎಂದು ಮಗಳ ಬಾಯಿ ಮುಚ್ಚಿಸಬಹುದಿತ್ತು. ಆದರೆ ಹದಿನೆಂಟು ತುಂಬಿದ ಮೇಲೆ ಅವಳು ನನ್ನನ್ನು ಕೇಳದೆಯೇ ಮೊಬೈಲಿನಲ್ಲಿ ಖಾತೆ ತೆರೆಯಬಲ್ಲಳು. ಅದಕ್ಕೆ ಮೊದಲು ಮನೆಯಲ್ಲೇ ಕಲಿಯಲಿ, ಅದೂ ಏರಿಳಿಯುವ ಬೆಲೆಯ ಪರದೆಯನ್ನು ನೋಡುವ ಮುಂಚೆ ಪಾಲು ಎಂದರೇನೆಂದು ಕಲಿಯಲಿ ಎಂದು ನಿರ್ಧರಿಸಿದೆ.

ನಮ್ಮ ಬೀದಿಯ ತುದಿಯಲ್ಲೊಂದು ಹಿಟ್ಟಿನ ಗಿರಣಿ ಇದೆ. ರಾಗಿ ಬೀಸಿಸಲು ಹೋದಾಗ ಅವಳನ್ನೂ ಕರೆದುಕೊಂಡು ಹೋಗಿ, ಗಿರಣಿಯವರನ್ನು ಮಾತಿಗೆಳೆದೆ. ಯಂತ್ರದ ಬೆಲೆ, ತಿಂಗಳ ಕರೆಂಟ್ ಬಿಲ್ಲು, ಅಂಗಡಿಯ ಬಾಡಿಗೆ, ಸವೆದ ಬೀಸುಕಲ್ಲಿಗೆ ಮತ್ತೆ ಉಳಿಯೇಟು ಹಾಕಿಸುವ ಖರ್ಚು, ಎಲ್ಲವನ್ನೂ ಅವರು ಸಂತೋಷದಿಂದಲೇ ಹೇಳಿದರು. ತಲೆಗೂದಲ ಮೇಲೆಲ್ಲ ಹಿಟ್ಟು ಕೂರಿಸಿಕೊಂಡು ಮನೆಗೆ ಬಂದವಳ ಮುಂದೆ ಒಂದು ಹಾಳೆ ಇಟ್ಟೆ. ಇಂಥದೊಂದು ಗಿರಣಿ ಹಾಕಲು 2,00,000 ರೂಪಾಯಿ ಬೇಕು. ಅದನ್ನು ತಲಾ 1,000 ರೂಪಾಯಿಯ 200 ಪಾಲು ಮಾಡಿದ್ದಾರೆ. ನೀನು 5 ಪಾಲು ಕೊಂಡಿದ್ದೀಯೆ ಎಂದುಕೋ. ವರ್ಷದ ಕೊನೆಗೆ ಖರ್ಚೆಲ್ಲ ಕಳೆದು 40,000 ರೂಪಾಯಿ ಉಳಿಯಿತು. ಅದರಲ್ಲಿ ಅರ್ಧವನ್ನು ಮೆಣಸಿನಪುಡಿಯ ಯಂತ್ರ ತರಲೆಂದು ಎತ್ತಿಟ್ಟು ಉಳಿದರ್ಧವನ್ನು ಹಂಚಿದರೆ ನಿನಗೆಷ್ಟು? ಅವಳು ಲೆಕ್ಕ ಹಾಕಿ 500 ಎಂದಳು. ಆ 500 ರೂಪಾಯಿಯೇ ಲಾಭಾಂಶ, ಪತ್ರಿಕೆಯವರು ಡಿವಿಡೆಂಡ್ ಎನ್ನುವುದು ಇದನ್ನೇ, ಎಂದೆ.

ಮರುದಿನ ಅವಳೇ ಕೇಳಿದ ಪ್ರಶ್ನೆ ನನ್ನ ಪಾಠಕ್ಕಿಂತ ಚೆನ್ನಾಗಿತ್ತು. "ನಂಗೆ ಸೈಕಲ್ ಬೇಕಾದ್ರೆ ಗಿರಣಿ ಅಂಕಲ್ ನನ್ನ ಐದು ಸಾವಿರ ವಾಪಸ್ ಕೊಡ್ತಾರಾ?" ಕೊಡುವುದಿಲ್ಲ, ಏಕೆಂದರೆ ಆ ಹಣ ಆಗಲೇ ಕಲ್ಲಾಗಿ, ಮೋಟಾರಾಗಿ ಕೂತಿದೆ, ಅಂಚೆ ಕಚೇರಿಯ ಠೇವಣಿಯಂತೆ ಅದನ್ನು ಹಿಂದಕ್ಕೆ ಪಡೆಯಲಾಗದು, ಆ ಪಾಲು ಬೇಕೆನ್ನುವ ಇನ್ನೊಬ್ಬರನ್ನು ಹುಡುಕಿ ಮಾರಬೇಕು. ಪಕ್ಕದಲ್ಲೊಂದು ಬಡಾವಣೆ ಎದ್ದು ಗಿರಾಕಿಗಳು ಹೆಚ್ಚಿದ್ದರೆ ಕೊಳ್ಳುವವರು ಪಾಲಿಗೆ 1,300 ಕೊಟ್ಟಾರು, ಎದುರಿಗೇ ಇನ್ನೊಂದು ಗಿರಣಿ ಬಂದಿದ್ದರೆ 700ಕ್ಕೆ ಕೇಳಿಯಾರು. ಹೀಗೆ ಕೊಳ್ಳುವವರೂ ಮಾರುವವರೂ ಸೇರುವ ಜಾಗವೇ ಷೇರುಪೇಟೆ. ಮುಂಬೈಯಲ್ಲಿ ದಲ್ಲಾಳಿಗಳು ಮೊದಲು ಆಲದ ಮರದ ಕೆಳಗೆ ಸೇರಿ ವ್ಯಾಪಾರ ಮಾಡುತ್ತಿದ್ದರು, 1875ರಲ್ಲಿ ಅವರೇ ಸಂಘ ಕಟ್ಟಿಕೊಂಡರು, ಅದೇ ಇಂದಿನ ಬಾಂಬೆ ಷೇರುಪೇಟೆ, ಬಿಎಸ್ಇ ಎಂದು ಹೇಳಿದಾಗ, ಸಂತೆಯನ್ನು ಕಂಡಿದ್ದ ಅವಳಿಗೆ ಅದು ಸಹಜವಾಗಿಯೇ ಕಂಡಿತು.

ಮುಂದಿನ ವಾರ ಅಡುಗೆಮನೆ ಮತ್ತು ಬಚ್ಚಲಿನ ಸಾಮಾನುಗಳನ್ನೆಲ್ಲ ಪಟ್ಟಿ ಮಾಡಿ, ಯಾವುದರ ಒಡೆಯರು ಯಾರು ಎಂದು ಹುಡುಕುವ ಕೆಲಸ ಕೊಟ್ಟೆ. ಮಕ್ಕಳಿರುವ ಎಲ್ಲರಿಗೂ ನಾನು ಒತ್ತಿ ಹೇಳುವುದು ಇದೊಂದನ್ನು, ಏಕೆಂದರೆ ನನಗೇ ಇದರಿಂದ ಬಹಳ ತಿಳಿಯಿತು. ಬ್ರಿಟಾನಿಯಾದ ಷೇರನ್ನು ಯಾರು ಬೇಕಾದರೂ ಪೇಟೆಯಲ್ಲಿ ಕೊಳ್ಳಬಹುದು. ಅದರ ಪಕ್ಕದಲ್ಲೇ ಡಬ್ಬಿಯಲ್ಲಿದ್ದ ಪಾರ್ಲೆ-ಜಿ ತಯಾರಿಸುವ ಕಂಪನಿಯದು ಪೇಟೆಯಲ್ಲಿ ಸಿಗುವುದಿಲ್ಲ, ಅದು ಒಂದು ಕುಟುಂಬದ್ದು. ಮೈಸೂರು ಸ್ಯಾಂಡಲ್ ಸೋಪು ರಾಜ್ಯ ಸರ್ಕಾರದ ಕಂಪನಿಯದು. ನಂದಿನಿ ಹಾಲಿಗೆ ಬಂದಾಗ ಅವಳು ತಡವರಿಸಿದಳು. ಊರಿನಲ್ಲಿರುವ ಅಜ್ಜಿಗೆ ಫೋನು ಹಚ್ಚಿ ಕೇಳೆಂದೆ. ಅಜ್ಜಿ ಊರಿನ ಹಾಲು ಉತ್ಪಾದಕರ ಸಹಕಾರ ಸಂಘದ ಸದಸ್ಯೆ; "ನಂದೂ ಷೇರಿದೆ ಕಣೇ, ರಸೀದಿ ಟ್ರಂಕಿನಲ್ಲಿದೆ" ಎಂದರು. ಸಹಕಾರ ಸಂಘದಲ್ಲಿ ಎಷ್ಟೇ ಷೇರಿದ್ದರೂ ಒಬ್ಬ ಸದಸ್ಯರಿಗೆ ಒಂದೇ ಮತ, ಕಂಪನಿಯಲ್ಲಾದರೆ ಷೇರು ಹೆಚ್ಚಿದ್ದಷ್ಟೂ ಮತ ಹೆಚ್ಚು ಎಂಬ ವ್ಯತ್ಯಾಸವನ್ನು ಮಗಳಿಗೆ ಬಿಡಿಸಿ ಹೇಳಲು ಒಂದಿಡೀ ಸಂಜೆ ಹಿಡಿಯಿತು. ಎರಡರಲ್ಲಿ ಯಾವುದು ನ್ಯಾಯ ಎಂದು ಅವಳು ಕೇಳಿದ್ದಕ್ಕೆ ನಾನು ಉತ್ತರ ಕೊಡಲಿಲ್ಲ, ಅವಳೇ ಯೋಚಿಸಲೆಂದು ಬಿಟ್ಟೆ.

ನಷ್ಟದ ಪಾಠಕ್ಕೆ ಮ್ಯಾಗಿಯನ್ನು ಆರಿಸಿಕೊಂಡೆ. ನಾವು ಮೈಸೂರಿನವರು, ಮ್ಯಾಗಿ ತಯಾರಿಸುವ ನೆಸ್ಲೆಯ ಒಂದು ಕಾರ್ಖಾನೆ ಇಲ್ಲೇ ನಂಜನಗೂಡಿನಲ್ಲಿದೆ ಎಂಬುದೇ ಅವಳಿಗೆ ಸೋಜಿಗ. 2015ರ ಜೂನ್‌ನಲ್ಲಿ, ಸೀಸದ ಅಂಶ ಮಿತಿಮೀರಿದೆ ಎಂಬ ಆರೋಪದ ಮೇಲೆ ಆಹಾರ ಸುರಕ್ಷತಾ ಪ್ರಾಧಿಕಾರವು ಮ್ಯಾಗಿ ನೂಡಲ್ಸನ್ನು ಮಾರುಕಟ್ಟೆಯಿಂದ ಹಿಂಪಡೆಯುವಂತೆ ಆದೇಶಿಸಿತು, ಷೇರಿನ ಬೆಲೆ ಕುಸಿಯಿತು. ಆಗಸ್ಟ್‌ನಲ್ಲಿ ಬಾಂಬೆ ಹೈಕೋರ್ಟ್ ಆ ಆದೇಶವನ್ನು ರದ್ದುಪಡಿಸಿ ಹೊಸದಾಗಿ ಪರೀಕ್ಷೆ ನಡೆಸಲು ಹೇಳಿತು, ನವೆಂಬರ್‌ನಲ್ಲಿ ಮ್ಯಾಗಿ ಅಂಗಡಿಗಳಿಗೆ ಮರಳಿತು. ಆ ಜೂನ್‌ನಲ್ಲಿ ನಿನ್ನ ಬಳಿ ಷೇರಿದ್ದಿದ್ದರೆ ಏನು ಮಾಡುತ್ತಿದ್ದೆ ಎಂದು ಕೇಳಿದೆ. "ಮಾರಿಬಿಡ್ತಿದ್ದೆ" ಎಂದಳು, ಸ್ವಲ್ಪ ಹೊತ್ತಾದ ಮೇಲೆ, "ಪರೀಕ್ಷೇಲಿ ನಿಜವಾಗ್ಲೂ ಸೀಸ ಜಾಸ್ತಿ ಅಂತ ಬಂದಿದ್ರೆ?" ಎಂದಳು. ಎಲ್ಲ ಕುಸಿತವೂ ಮತ್ತೆ ಏರುತ್ತದೆ ಎಂಬ ಭರವಸೆಯನ್ನು ನಾನು ಮಗುವಿಗೆ ಕೊಡಲಾರೆ. ನನ್ನ 40,000 ರೂಪಾಯಿಯ ಕಥೆಯನ್ನು ಅವಳಿಗೆ ಪೂರ್ತಿಯಾಗಿ ಹೇಳಿದ್ದು ಅಂದೇ.

ಆಮೇಲಷ್ಟೇ ಸೂಚ್ಯಂಕದ, ಅಂದರೆ ದೊಡ್ಡ ಕಂಪನಿಗಳ ಒಂದು ಗುಂಪಿನ ಷೇರು ಬೆಲೆ ಒಟ್ಟಾರೆ ಏರಿತೋ ಇಳಿಯಿತೋ ಎಂದು ಹೇಳುವ ಅಂಕಿಯ ವಿಷಯ ಬಂತು: ಸೆನ್ಸೆಕ್ಸ್ ಎಂದರೆ 30 ಕಂಪನಿಗಳು, ನಿಫ್ಟಿ ಎಂದರೆ 50, ಒಂದೇ ಗಿರಣಿಗೆ ಎಲ್ಲ ಹಣ ಸುರಿಯುವ ಬದಲು ಐವತ್ತರಲ್ಲೂ ಚೂರು ಚೂರು ಪಾಲು ಪಡೆಯಲು ಸೂಚ್ಯಂಕ ನಿಧಿಗಳಿವೆ. ಆರು ತಿಂಗಳಲ್ಲಿ ಡಬಲ್ ಎಂಬ ಮಾತಿಗೆ 72ರ ಸೂತ್ರ ಉತ್ತರ ಹೇಳಿತು: 72ನ್ನು ವರ್ಷದ ಶೇಕಡಾ ಬೆಳವಣಿಗೆಯಿಂದ ಭಾಗಿಸಿದರೆ ಹಣ ಇಮ್ಮಡಿಯಾಗಲು ಬೇಕಾದ ವರ್ಷಗಳು ಸುಮಾರಾಗಿ ಸಿಗುತ್ತವೆ. ವರ್ಷಕ್ಕೆ ಶೇ 6ರಂತೆ ಬೆಳೆದರೆ ಹಣ ಇಮ್ಮಡಿಯಾಗಲು 12 ವರ್ಷ, ಶೇ 12ರಂತೆ ಬೆಳೆದರೂ 6 ವರ್ಷ ಬೇಕು. ಗೆಳತಿಯ ಅಣ್ಣ ತೋರಿಸಿದ್ದು, ಷೇರಿನ ಬೆಲೆ ಮುಂದೆ ಏರುತ್ತದೋ ಇಳಿಯುತ್ತದೋ ಎಂಬುದರ ಮೇಲೆ ಹಣ ಕಟ್ಟುವ ಆಪ್ಷನ್ ವಹಿವಾಟಿನ ವಿಡಿಯೊ ಎಂದು ತಿಳಿದಾಗ, ಷೇರುಪೇಟೆಯ ನಿಯಂತ್ರಕ ಸಂಸ್ಥೆಯಾದ ಸೆಬಿ 2024ರ ಸೆಪ್ಟೆಂಬರ್‌ನಲ್ಲಿ ಪ್ರಕಟಿಸಿದ ಅಧ್ಯಯನವನ್ನು ಓದಿಸಿದೆ: ಅದಕ್ಕೆ ಹಿಂದಿನ ಮೂರು ಹಣಕಾಸು ವರ್ಷಗಳಲ್ಲಿ ವಾಯಿದಾ (ಮುಂದಿನ ದಿನಾಂಕದ ವ್ಯವಹಾರಕ್ಕೆ ಈಗಲೇ ಬೆಲೆ ಗೊತ್ತುಮಾಡುವುದು) ಮತ್ತು ಆಪ್ಷನ್ ವಹಿವಾಟು ನಡೆಸಿದ ವ್ಯಕ್ತಿಗಳಲ್ಲಿ ಶೇ 93ರಷ್ಟು ಮಂದಿ ನಷ್ಟ ಅನುಭವಿಸಿದ್ದರು. ಅವಳು ಅದನ್ನು ಗೆಳತಿಗೂ ಕಳುಹಿಸಿದಳು.

ಷೇರುಗಳನ್ನು ಕಾಗದದ ಬದಲು ಕಂಪ್ಯೂಟರಿನಲ್ಲಿ ಇಡುವ ಡಿಮ್ಯಾಟ್ ಖಾತೆಯನ್ನು ಹದಿನೆಂಟು ತುಂಬದವರ ಹೆಸರಿನಲ್ಲೂ ತೆರೆಯಬಹುದು, ಆದರೆ ಅದನ್ನು ನಿರ್ವಹಿಸುವವರು ಪೋಷಕರು. ಮಗುವಿನ ಹೂಡಿಕೆಯಿಂದ ಬರುವ ಆದಾಯವನ್ನು ತೆರಿಗೆಯ ಲೆಕ್ಕದಲ್ಲಿ ಸಾಮಾನ್ಯವಾಗಿ ತಂದೆ-ತಾಯಿಯರಲ್ಲಿ ಹೆಚ್ಚು ಆದಾಯವಿರುವವರಿಗೆ ಸೇರಿಸುತ್ತಾರೆ. ನಾವು 3,000 ರೂಪಾಯಿಯನ್ನು ಅವಳ ಹೆಸರಿನಲ್ಲಿ ಸೂಚ್ಯಂಕ ನಿಧಿಗೆ ಹಾಕಿದೆವು. ಉಳಿದದ್ದರಲ್ಲಿ ಅವಳು ತನ್ನ ಅಡುಗೆಮನೆ ಪಟ್ಟಿಯಿಂದಲೇ ಆರಿಸಿದ ಕಂಪನಿಯ ಒಂದೇ ಒಂದು ಷೇರು ಬಂತು. ಅದರ ಹೆಸರನ್ನು ಇಲ್ಲಿ ಬರೆದರೆ ಯಾರಾದರೂ ಸಲಹೆಯೆಂದು ತೆಗೆದುಕೊಂಡಾರು, ಅದಕ್ಕಾಗಿ ಬಿಡುತ್ತೇನೆ.

ಪ್ರತಿ ತಿಂಗಳ ಮೊದಲ ಭಾನುವಾರ ಮಾತ್ರ ಬೆಲೆ ನೋಡಬೇಕೆಂಬುದು ನಮ್ಮಿಬ್ಬರ ಒಪ್ಪಂದ. ಅವಳು ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು ದಿನಾಂಕ, ಬೆಲೆ, ಕಾರಣ ಎಂಬ ಮೂರು ಕಾಲಂ ಮಾಡಿಕೊಂಡಿದ್ದಾಳೆ. ಜುಲೈ ತಿಂಗಳಲ್ಲಿ ಷೇರು ಕೊಂಡ ಬೆಲೆಗಿಂತ ಕೆಳಗಿಳಿದಿತ್ತು. ನಾನು ಚಹಾ ಸೋಸುತ್ತ ವಾರೆನೋಟದಲ್ಲಿ ಗಮನಿಸುತ್ತಿದ್ದೆ. ಬಹಳ ಹೊತ್ತು ಪೆನ್ನು ಕಚ್ಚುತ್ತ ಕೂತವಳು, ಮೂರನೆಯ ಕಾಲಂನಲ್ಲಿ ದುಂಡಗೆ "ಗೊತ್ತಾಗಲಿಲ್ಲ. ವಾರ್ಷಿಕ ವರದಿ ಓದಬೇಕು" ಎಂದು ಬರೆದು, ನೋಟ್‌ಬುಕ್ಕು ಮುಚ್ಚಿ ಆಡಲು ಹೋದಳು.