ಇಲೂಸಿವ್ ಅಂದರೆ ‘ಕಷ್ಟ’ ಅಂತಲಾ?

ನಾನು ಇಂಗ್ಲಿಷ್ ಹೇಳಿಕೊಡುತ್ತೇನೆ ಅಂತ ಗೊತ್ತಾದವರು ಅದ್ಯಾಕೋ ಇಲೂಸಿವ್ (elusive) ಅನ್ನುವ ಈ ಒಂದು ಪದವನ್ನು ಜಾಸ್ತಿ ಕೇಳುತ್ತಾರೆ. ನಿಘಂಟು ಆಗಲೇ ನೋಡಿರುತ್ತಾರೆ. ಅದರಲ್ಲಿ ‘ಹಿಡಿಯಲು ಕಷ್ಟವಾದ’ ಅಂತ ಇರುತ್ತದೆ. ಹಾಗಾದರೆ ರುಬ್ಬುವ ಕಲ್ಲನ್ನೂ ಇಲೂಸಿವ್ ಅನ್ನಬಹುದಾ ಮೇಡಂ?

ಇಲ್ಲ. ರುಬ್ಬುವ ಕಲ್ಲು ಎತ್ತೋದು ಕಷ್ಟ, ಆದರೆ ಅದು ಇಟ್ಟಲ್ಲೇ ಇರುತ್ತದೆ ಅಲ್ವಾ? ಇಲೂಸಿವ್ ಆಗಬೇಕಾದರೆ ನೀವು ಕೈ ಚಾಚಬೇಕು, ಅದು ಜಾರಬೇಕು. ನಾಗರಹೊಳೆಯ ಚಿರತೆ ಇದಕ್ಕೆ ಸರಿಯಾದ ಉದಾಹರಣೆ. ಮಣ್ಣಲ್ಲಿ ಹೆಜ್ಜೆ ಗುರುತು ಕಾಣುತ್ತದೆ, ಮರದ ಮೇಲೆ ಉಗುರಿನ ಗೆರೆ ಕಾಣುತ್ತದೆ, ಮಂಗಗಳು ಕೂಗಿಕೊಳ್ಳುವುದೂ ಕೇಳುತ್ತದೆ, ಚಿರತೆ ಮಾತ್ರ ಕಾಣೋದಿಲ್ಲ.

ಪದದ ಬೇರು ಲ್ಯಾಟಿನ್‌ನ ‘ಲೂಡೆರೆ’, ಅಂದರೆ ಆಡು. ನಾವು ಆಡುವ ಲೂಡೊ ಇದೆಯಲ್ಲ, ಆ ಹೆಸರಿನ ಅರ್ಥವೇ ‘ನಾನು ಆಡುತ್ತೇನೆ’ ಅಂತ. (ನಮ್ಮ ಪಗಡೆಯನ್ನೇ ಸ್ವಲ್ಪ ಬದಲಾಯಿಸಿ ಇಂಗ್ಲೆಂಡಿನಲ್ಲಿ 1896ರಲ್ಲಿ ಪೇಟೆಂಟ್ ಮಾಡಿಸಿಕೊಂಡರು, ಅದು ಬೇರೆ ಕತೆ.) ‘ಎಲೂಡೆರೆ’ ಅಂದರೆ ಏಟು ತಪ್ಪಿಸಿಕೊಳ್ಳು, ಎದುರಿಗಿರುವವನನ್ನು ಏಮಾರಿಸು. ಕಬಡ್ಡಿಯಲ್ಲಿ ಇನ್ನೇನು ಸಿಕ್ಕೇಬಿಟ್ಟ ಅನ್ನುವಾಗ ನುಣುಚಿಕೊಂಡು ಗೆರೆ ಮುಟ್ಟುವ ಹುಡುಗನನ್ನು ನೆನಪಿಸಿಕೊಳ್ಳಿ, ಸಾಕು.

ಕ್ರಿಕೆಟ್ ಬರೆಯುವವರಿಗೆ ಈ ಪದ ಪ್ರಾಣ. ಸಚಿನ್ 99ನೇ ಶತಕ ಹೊಡೆದದ್ದು 2011ರ ಮಾರ್ಚ್‌ನಲ್ಲಿ. ಆಮೇಲೆ ಓವಲ್‌ನಲ್ಲಿ 91ಕ್ಕೆ ಔಟ್, ವಾಂಖೆಡೆಯಲ್ಲಿ 94ಕ್ಕೆ ಔಟ್, ನೂರನೆಯದು ಬಂದಿದ್ದು ಒಂದು ವರ್ಷ ಕಳೆದು 2012ರ ಮಾರ್ಚ್ 16ಕ್ಕೆ, ಮೀರ್‌ಪುರದಲ್ಲಿ. ಇನ್ನು ನಮ್ಮ ಆರ್‌ಸಿಬಿ ಹುಡುಗರ ಕಪ್. 2009, 2011, 2016, ಮೂರು ಸಲ ಫೈನಲ್‌ಗೆ ಹೋಗಿ ಸೋತು, ಕೊನೆಗೂ ಕೈಗೆ ಸಿಕ್ಕಿದ್ದು 2025ರ ಜೂನ್ 3ಕ್ಕೆ. ಪ್ರತಿ ಸಲ ಮೊದಲ ಸುತ್ತಲ್ಲೇ ಸೋತು ಮನೆಗೆ ಬಂದಿದ್ದರೆ ಅದನ್ನು ಯಾರೂ ಇಲೂಸಿವ್ ಅನ್ನುತ್ತಿರಲಿಲ್ಲ.

ಕನ್ನಡದಲ್ಲಿ ಇದಕ್ಕೆ ಸುಮ್ನೆ ‘ಮರೀಚಿಕೆ’ ಅಂತ ಹಾಕಿಬಿಡುತ್ತಾರೆ. ನನಗೆ ಅದು ಒಪ್ಪಿಗೆಯಿಲ್ಲ. ಮರೀಚಿಕೆಯಲ್ಲಿ ನೀರೇ ಇರೋದಿಲ್ಲ. ಅದಕ್ಕೆ ಇಂಗ್ಲಿಷಿನಲ್ಲಿ ಬೇರೆ ಪದ ಇದೆ (illusive), ಉಚ್ಚಾರಣೆ ಹೆಚ್ಚುಕಮ್ಮಿ ಇದೇ, ಸ್ಪೆಲ್ಲಿಂಗ್ ಮಾತ್ರ ‘ಐ’ ಇಂದ ಶುರುವಾಗಿ ಎರಡು ‘ಎಲ್’ ಬರುತ್ತದೆ. ನಮ್ಮ ಪದ ‘ಈ’ ಇಂದ ಶುರು, ‘ಎಲ್’ ಒಂದೇ. ಆರ್‌ಸಿಬಿ ಅಭಿಮಾನಿಗಳ ಮುಂದೆ ಈ ಸ್ಪೆಲ್ಲಿಂಗ್ ತಪ್ಪು ಮಾಡಬೇಡಿ.

ನನ್ನ ಆಯ್ಕೆ ‘ನುಣುಚಿಕೊಳ್ಳುವ’. ಆದರೆ ಎಲ್ಲ ಕಡೆ ಅದನ್ನೇ ತುರುಕಲು ಆಗೋದಿಲ್ಲ. ನಿದ್ದೆಯಾದರೆ ‘ಕಣ್ಣಿಗೆ ಹತ್ತುತ್ತಿಲ್ಲ’ ಅನ್ನುತ್ತೇವೆ, ಮರೆತ ಹೆಸರಾದರೆ ‘ನಾಲಿಗೆ ತುದಿಯಲ್ಲೇ ಇದೆ’ ಅನ್ನುತ್ತೇವೆ. ಮನುಷ್ಯರಾದರೆ ‘ಕೈಗೇ ಸಿಗಲ್ಲ’. ನಮ್ಮ ಬೀದಿಯ ಪ್ಲಂಬರ್ ಸೋಮವಾರದಿಂದ ‘ಹತ್ತೇ ನಿಮಿಷ ಅಕ್ಕಾ, ದಾರೀಲಿದೀನಿ’ ಅನ್ನುತ್ತಿದ್ದಾನೆ. ಇವತ್ತು ಗುರುವಾರ. ಸದ್ಯಕ್ಕೆ ಅವನನ್ನು ‘ಈ’ ಪದದಲ್ಲೇ ಇಟ್ಟಿದ್ದೇನೆ, ಶನಿವಾರದವರೆಗೂ ಬರದಿದ್ದರೆ ‘ಐ’ಗೆ ಹಾಕುತ್ತೇನೆ.