ನೂಲ ಹುಣ್ಣಿಮೆಯ ವಾರ, ಕೊ ಪಂಗಾನ್ ದ್ವೀಪದಲ್ಲಿ

ಆಗಸ್ಟ್ 6, 2025, ಬುಧವಾರ

ಕೊ ಪಂಗಾನ್‌ಗೆ ವಿಮಾನ ನಿಲ್ದಾಣವಿಲ್ಲ. ಎಷ್ಟು ದುಡ್ಡು ಸುರಿದರೂ ಕೊನೆಯ ಹಾದಿ ನೀರಿನ ಮೇಲೆಯೇ. ಥಾಯ್ಲೆಂಡ್ ಕೊಲ್ಲಿಯಲ್ಲಿ ದಕ್ಷಿಣಕ್ಕೆ ಕೊ ಸಮುಯಿ, ಉತ್ತರಕ್ಕೆ ಕೊ ತಾವ್, ಎರಡರ ನಡುವೆ ಸುಮಾರು 125 ಚದರ ಕಿಲೋಮೀಟರಿನ ಈ ಗುಡ್ಡಗಾಡು ದ್ವೀಪ. ಹೆಸರಾಗಿರುವುದು ಹುಣ್ಣಿಮೆ ರಾತ್ರಿ ದಡದಲ್ಲಿ ನಡೆಯುವ ‘ಫುಲ್ ಮೂನ್ ಪಾರ್ಟಿ’ಯಿಂದ. ಹೆಸರನ್ನು ಥಾಯ್ ಜನ ಹೇಳುವುದು ‘ಪ-ಙನ್’ ಎಂದು. ನಮ್ಮ ವರ್ಣಮಾಲೆಯಲ್ಲಿ ಕೆಲಸವಿಲ್ಲದೆ ಕೂತಿರುವ ಙ ಇಲ್ಲಿ ಸರಿಯಾಗಿ ಒದಗುತ್ತದೆ.

ಬೆಂಗಳೂರಿನಿಂದ ಬ್ಯಾಂಕಾಕಿಗೆ ನೇರ ವಿಮಾನ ನಾಲ್ಕು ಗಂಟೆಯೊಳಗೆ ಮುಟ್ಟಿಸುತ್ತದೆ. ಅಲ್ಲಿಂದ ಮೂರು ದಾರಿ. ಸಮುಯಿಗೆ ಹಾರಿ ಅಲ್ಲಿಂದ ಅರ್ಧ ಗಂಟೆಯ ದೋಣಿ: ಸುಲಭ, ಆದರೆ ಟಿಕೆಟ್ ದುಬಾರಿ. ಮುಖ್ಯ ಭೂಮಿಯ ಊರು ಸೂರತ್ ಥಾನಿಗೆ ಹಾರಿ, ಬಸ್ಸಿನಲ್ಲಿ ದೊನ್‌ಸಕ್ ಜೆಟ್ಟಿ ತಲುಪಿ, ಎರಡೂವರೆ ಗಂಟೆಯ ದೊಡ್ಡ ಫೆರಿ ಹಿಡಿಯುವುದು: ಅಗ್ಗ. ಮೂರನೆಯದು ರಾತ್ರಿ ರೈಲು. ಅದು ಹೊರಡುವುದು ಈಗ ಕ್ರುಂಗ್ ಥೇಪ್ ಅಪಿವತ್ ನಿಲ್ದಾಣದಿಂದ, ಹಳೆಯ ಹುವಾ ಲಂಫೋಂಗ್‌ನಿಂದಲ್ಲ. ‘ಸೂರತ್ ಥಾನಿ’ ಎಂಬ ರೈಲು ನಿಲ್ದಾಣ ಇರುವುದು ಊರಿಂದ ಹತ್ತು ಕಿಲೋಮೀಟರಿಗೂ ಆಚೆ, ಪುನ್‌ಪಿನ್‌ನಲ್ಲಿ.

ಹೆಚ್ಚಿನವರು ಎಡವುವುದು ಬ್ಯಾಂಕಾಕಿನಲ್ಲೇ. ಬೆಂಗಳೂರಿನ ಹಲವು ವಿಮಾನಗಳು ಸುವರ್ಣಭೂಮಿ ನಿಲ್ದಾಣದಲ್ಲಿ ಇಳಿಯುತ್ತವೆ, ಅಗ್ಗದ ದೇಶೀಯ ವಿಮಾನಗಳು ಹೆಚ್ಚಾಗಿ ದಾನ್ ಮುವಾಂಗ್‌ನಿಂದ ಏಳುತ್ತವೆ. ಒಂದು ಊರಿನ ಈ ತುದಿ, ಇನ್ನೊಂದು ಆ ತುದಿ. ವಲಸೆ ತಪಾಸಣೆಯ ಸಾಲನ್ನೂ ಸೇರಿಸಿ ನಡುವೆ ಐದು ಗಂಟೆಯಾದರೂ ಇರಲಿ. ಸೂರತ್ ಥಾನಿಯಲ್ಲಿ ಇಳಿಯುವುದು ಮಧ್ಯಾಹ್ನ ಎರಡರೊಳಗೆ ಆಗಬೇಕು. ತಡವಾದರೆ ಸಂಜೆಯ ಕೊನೆಯ ದೋಣಿ ತಪ್ಪಿ, ಆ ರಾತ್ರಿ ಮುಖ್ಯ ಭೂಮಿಯಲ್ಲೇ ಕಳೆಯಬೇಕಾಗುತ್ತದೆ.

ಕಾಗದಪತ್ರದ ಮಾತು: ಭಾರತೀಯರಿಗೆ 2024ರ ಜುಲೈ 15ರಿಂದ ವೀಸಾ ಇಲ್ಲದೆ 60 ದಿನ ಇರಲು ಅವಕಾಶ ಕೊಡಲಾಗಿತ್ತು. 2025ರ ಮೇ 1ರಿಂದ ಡಿಜಿಟಲ್ ಆಗಮನ ಕಾರ್ಡ್ ಕಡ್ಡಾಯ. ಇಳಿಯುವ ದಿನಕ್ಕೆ ಮೂರು ದಿನದೊಳಗೆ ಸರ್ಕಾರದ ಜಾಲತಾಣದಲ್ಲಿ ತುಂಬಬೇಕು, ಉಚಿತ. ಹಣ ಕೇಳಿದರೆ ಅದು ಸರ್ಕಾರದ ತಾಣವಲ್ಲ. ಈ ನಿಯಮಗಳು ಆಗಾಗ ಬದಲಾಗುತ್ತವೆ. ಟಿಕೆಟ್ ಮಾಡಿಸುವ ಮುಂಚೆ ಮತ್ತೊಮ್ಮೆ ನೋಡಿ.

ಆಗಸ್ಟ್ 7, ಗುರುವಾರ

ಕೋಣೆ ಹುಡುಕುವ ಮುಂಚೆ ಎರಡು ನೋಡಬೇಕು: ಚಂದ್ರ ಮತ್ತು ಸಮುದ್ರ. ಬೆಲೆ ಆಮೇಲೆ.

ಮಳೆಗಾಲದ ಲೆಕ್ಕ ನಮಗೆ ಚೆನ್ನಾಗಿ ಅರ್ಥವಾಗುತ್ತದೆ. ಕರಾವಳಿಗೆ ಮುಂಗಾರು ಸುರಿಯುವ ತಿಂಗಳುಗಳಲ್ಲಿ ಫುಕೆಟ್ ಇರುವ ಅಂಡಮಾನ್ ಕಡೆಯೂ ನೆನೆಯುತ್ತದೆ, ಆದರೆ ಕೊಲ್ಲಿಯ ಕಡೆ ಅದಕ್ಕೆ ಹೋಲಿಸಿದರೆ ಮಳೆ ಕಡಿಮೆ. ಇಲ್ಲಿಗೆ ನಿಜವಾದ ಮಳೆ ತರುವುದು ಹಿಂಗಾರು, ಅಂದರೆ ಈಶಾನ್ಯ ಮಾರುತ. ಅಕ್ಟೋಬರಿನಿಂದ ಡಿಸೆಂಬರ್, ಅದರಲ್ಲೂ ನವೆಂಬರ್, ಜೋರು. ಆಗ ದೋಣಿಗಳು ರದ್ದಾಗುತ್ತವೆ. ದೀಪಾವಳಿ ರಜೆಗೆಂದು ಬಂದು ಜೆಟ್ಟಿಯಲ್ಲಿ ಕೂರುವುದು ಬೇಡ.

ಆದರೆ ಆಗಸ್ಟಿಗೂ ಒಂದು ಕೊರತೆಯಿದೆ, ಚಿತ್ರ ನೋಡಿ ಕೋಣೆ ಹಿಡಿದವರಿಗೆ ಅದು ಬಂದ ಮೇಲೆ ಗೊತ್ತಾಗುತ್ತದೆ. ಮೇಯಿಂದ ಅಕ್ಟೋಬರ್‌ವರೆಗೆ ಕೊಲ್ಲಿಯ ನೀರಿನ ಮಟ್ಟವೇ ತಗ್ಗಿರುತ್ತದೆ. ಪಶ್ಚಿಮ ಮತ್ತು ದಕ್ಷಿಣ ದಡಗಳಲ್ಲಿ ಹಗಲಿನ ಇಳಿತಕ್ಕೆ ನೀರು ದೂರ ಸರಿದು, ಮೊಣಕಾಲುದ್ದದಲ್ಲಿ ಸತ್ತ ಹವಳದ ಚೂರು ಮಾತ್ರ ಉಳಿಯುತ್ತದೆ. ಬಾನ್ ತಾಯ್ ಮತ್ತು ದೋಣಿಗಳು ಬಂದು ನಿಲ್ಲುವ ಮುಖ್ಯ ಊರು ತೋಂಗ್ ಸಾಲಾ ಸುತ್ತ ಈಗ ಈಜು ಮರೆತುಬಿಡಿ. ಹವಳದ ಮೇಲೆ ನಡೆದರೆ ಅಂಗಾಲು ಕೊಯ್ಯುತ್ತದೆ, ಆ ಗಾಯ ಬಿಸಿಲೂರಿನಲ್ಲಿ ಬೇಗ ಕೀವಾಗುತ್ತದೆ. ಈಜಲೇಬೇಕು ಅನ್ನುವವರು ಉತ್ತರದ ಹಾದ್ ಖುವಾತ್ ಅಥವಾ ಈಶಾನ್ಯದ ತೋಂಗ್ ನಾಯ್ ಪಾನ್ ಹಿಡಿಯಿರಿ. ಅಲ್ಲಿ ನೀರು ಆಳ, ಈ ತಿಂಗಳು ಶಾಂತ. ಇದೇ ಪೂರ್ವ ದಡ ಡಿಸೆಂಬರಿನಲ್ಲಿ ಅಲೆ, ಸೆಳೆತಗಳಿಂದ ಅಪಾಯಕಾರಿ.

ಆಗಸ್ಟ್ 8, ಶುಕ್ರವಾರ

ಸ್ಕೂಟರ್ ವಿಷಯ. ಇದಕ್ಕೆ ಒಂದು ಇಡೀ ದಿನದ ಬರಹ ಸಲ್ಲಬೇಕು, ಯಾಕೆಂದರೆ ದ್ವೀಪದಲ್ಲಿ ಪ್ರವಾಸ ಹಾಳಾಗುವುದು ಹೆಚ್ಚಾಗಿ ಸ್ಕೂಟರಿನಿಂದ.

ದಿನಕ್ಕೆ 200ರಿಂದ 300 ಬಾತ್‌ಗೆ ಸ್ಕೂಟರ್ ಸಿಗುತ್ತದೆ. ನಮ್ಮ ಹಾಗೆಯೇ ಎಡಗಡೆ ಓಡಿಸುವುದು. ಅದೇ ಧೈರ್ಯ ಕೊಟ್ಟು ಮೋಸ ಮಾಡುತ್ತದೆ. ಬಾನ್ ಖಾಯ್ ದಾಟಿ, ಪಾರ್ಟಿ ನಡೆಯುವ ಹಾದ್ ರಿನ್ ಕಡೆ ಹೋಗುವ ಕಾಂಕ್ರೀಟ್ ರಸ್ತೆ ಕಡಿದಾಗಿ ಏರಿ ಅಷ್ಟೇ ಕಡಿದಾಗಿ ಇಳಿಯುತ್ತದೆ, ತಿರುವಿನಲ್ಲಿ ಮರಳು. ಗೇರಿಲ್ಲದ ಸ್ಕೂಟರಿನಲ್ಲಿ ಥ್ರಾಟಲ್ ಪೂರ್ತಿ ಬಿಟ್ಟರೆ ವೇಗ ತಗ್ಗಿದಾಗ ಕ್ಲಚ್ ಬಿಟ್ಟುಕೊಳ್ಳುತ್ತದೆ, ಎಂಜಿನ್ನಿನ ಹಿಡಿತ ಹೋಗುತ್ತದೆ, ಆಮೇಲೆ ಇಡೀ ಭಾರ ಬ್ರೇಕಿನ ಮೇಲೆ. ಇಳಿಜಾರಿನಲ್ಲಿ ಥ್ರಾಟಲ್ ಒಂದು ಕೂದಲೆಳೆಯಷ್ಟು ತೆರೆದಿರಲಿ, ಎರಡೂ ಬ್ರೇಕ್ ಹದವಾಗಿ ಬಿಟ್ಟು ಬಿಟ್ಟು ಹಿಡಿಯಿರಿ. ಮರಳಿನ ಮೇಲೆ ಮುಂದಿನ ಬ್ರೇಕ್ ಮುಟ್ಟಬೇಡಿ.

ಭಾರತದ ಲೈಸೆನ್ಸ್ ಸಾಲದು. ಊರಿನ ಆರ್‌ಟಿಒದಲ್ಲಿ ಅಂತರರಾಷ್ಟ್ರೀಯ ಪರವಾನಗಿ ಮಾಡಿಸಿ, ಅದರಲ್ಲಿ ದ್ವಿಚಕ್ರದ ಮುದ್ರೆ ಇದೆಯೇ ನೋಡಿಕೊಳ್ಳಿ. ಕಾರಿನದು ಮಾತ್ರ ಇದ್ದರೆ ಬಿದ್ದಾಗ ವಿಮೆ ಕೈಕೊಡುತ್ತದೆ. ಪಾಸ್‌ಪೋರ್ಟ್ ಅಡವಿಡಬೇಡಿ. ನಗದು ಠೇವಣಿ ಒಪ್ಪುವ ಅಂಗಡಿ ಹುಡುಕಿ. ಗಾಡಿ ಹೊರತೆಗೆಯುವ ಮುಂಚೆ ಸುತ್ತಲೂ, ಕೆಳಗೂ ವಿಡಿಯೋ ತೆಗೆಯಿರಿ. ಹಳೆಯ ಗೀರಿಗೆ ಹೊಸ ಬೆಲೆ ಕೇಳುವುದು ಇಲ್ಲಿ ಸಾಮಾನ್ಯ ತಕರಾರು.

ಬಲಗಡೆಯಿಂದ ಇಳಿಯುವಾಗ ಸೈಲೆನ್ಸರ್ ಮೀನಖಂಡಕ್ಕೆ ತಾಗುತ್ತದೆ. ಆ ಸುಟ್ಟ ಗುರುತಿಗೆ ಪ್ರವಾಸಿಗರು ‘ಥಾಯ್ ಹಚ್ಚೆ’ ಅನ್ನುತ್ತಾರೆ. ಎಡಗಡೆಯಿಂದ ಇಳಿದರೆ ಆಗುವುದೇ ಇಲ್ಲ. ಸುಟ್ಟರೆ 20 ನಿಮಿಷ ಹರಿಯುವ ತಣ್ಣೀರಿಗೆ ಹಿಡಿಯಿರಿ. ಟೂತ್‌ಪೇಸ್ಟ್, ಐಸ್ ಬೇಡ.

ಆಗಸ್ಟ್ 9, ಶನಿವಾರ, ಹುಣ್ಣಿಮೆ

ಊರಲ್ಲಿ ಇವತ್ತು ನೂಲ ಹುಣ್ಣಿಮೆ, ಜನಿವಾರ ಬದಲಾಯಿಸುವ ದಿನ. ಇಲ್ಲಿ ಹಾದ್ ರಿನ್ ನೋಕ್ ದಡದಲ್ಲಿ ಸಾವಿರಾರು ಜನ ಬೆಳಗಿನವರೆಗೆ ಕುಣಿಯುವ ರಾತ್ರಿ. ದ್ವೀಪದ ಪಶ್ಚಿಮದ ಊರು ಸೀ ಥಾನುವಿನಲ್ಲಿ (ಬರೆಯುವುದು ‘ಶ್ರೀಧನು’ ಎಂದೇ) ಪರಂಪರೆ ಪಾಲಿಸುವ ಅಷ್ಟಾಂಗ ಯೋಗದವರಿಗೆ ಇದೇ ದಿನ ರಜೆ. ಮೈಸೂರಿನ ಪಟ್ಟಾಭಿ ಜೋಯಿಸರು ಕಲಿಸಿದ ಕ್ರಮದಲ್ಲಿ ಹುಣ್ಣಿಮೆ, ಅಮಾವಾಸ್ಯೆಗೆ ಅಭ್ಯಾಸವಿಲ್ಲ. ಒಂದೇ ಚಂದ್ರ ಈ ತುದಿಯಲ್ಲಿ ಜನರನ್ನು ಕುಣಿಸಿ ಆ ತುದಿಯಲ್ಲಿ ಮಲಗಿಸುತ್ತಾನೆ.

ಹಾದ್ ರಿನ್ ನೋಕ್ ಪೂರ್ವಕ್ಕೆ ಮುಖ ಮಾಡಿದ ದಡ. ಸೂರ್ಯ ಮುಳುಗುವ ಹೊತ್ತಿಗೆ ತುಂಬು ಚಂದ್ರ ನೇರ ಸಮುದ್ರದಿಂದ ಏಳುತ್ತಾನೆ. 1980ರ ದಶಕದಲ್ಲಿ ಕೆಲವು ಪ್ರವಾಸಿಗರ ಸಣ್ಣ ಕೂಟವಾಗಿ ಇದು ಶುರುವಾದ ಜಾಗವೂ ಇದೇ. ಆ ಚಂದ್ರೋದಯವನ್ನು ತಪ್ಪಿಸಿಕೊಂಡು ಹನ್ನೊಂದಕ್ಕೆ ಬರುವವರೇ ಹೆಚ್ಚು, ಅದು ನಿಜಕ್ಕೂ ನಷ್ಟ. ಆರಕ್ಕೆ ಬನ್ನಿ.

ಪಾರ್ಟಿ ಯಾವಾಗಲೂ ಹುಣ್ಣಿಮೆಯಂದೇ ಎಂದು ನಂಬಬೇಡಿ. ಮಾಘ ಪೂಜೆ, ವೈಶಾಖ ಪೂಜೆ, ಆಷಾಢ ಪೂಜೆಯಂಥ ಬೌದ್ಧ ಹಬ್ಬಗಳು ಹುಣ್ಣಿಮೆಗೇ ಬೀಳುತ್ತವೆ, ಆಗ ಪಾರ್ಟಿ ಸರಿಯುತ್ತದೆ. ಈ ವರ್ಷ ಜುಲೈ 10 ಆಷಾಢ ಪೂಜೆ, ಮರುದಿನ ಭಿಕ್ಷುಗಳ ವರ್ಷಾವಾಸದ ಆರಂಭ. ಪಂಚಾಂಗ ನೋಡಿ ಟಿಕೆಟ್ ಮಾಡಿಸಿದರೆ ಇಲ್ಲೇ ಎಡವಟ್ಟು. ಆ ತಿಂಗಳ ದಿನಾಂಕ ಬೇರೆಯಾಗಿ ಕೇಳಿ ತಿಳಿಯಿರಿ.

ಕಾಲಿಗೆ ಮುಚ್ಚಿದ ಶೂ, ಚಪ್ಪಲಿಯಲ್ಲ. ಮರಳಿನಲ್ಲಿ ಒಡೆದ ಬಾಟಲಿ ಇರುತ್ತದೆ. ಜೇಬಿನಲ್ಲಿ ಪಾಸ್‌ಪೋರ್ಟ್ ನಕಲು, ಸಾವಿರ ಚಿಲ್ಲರೆ ಬಾತ್, ನೀರು ಹೋಗದ ಚೀಲದಲ್ಲಿ ಫೋನ್, ಅಷ್ಟೇ. ಇಲ್ಲಿಯ ‘ಬಕೆಟ್’ ಎಂದರೆ ಆಟಿಕೆಯಂಥ ಪ್ಲಾಸ್ಟಿಕ್ ಬಕೆಟಿನಲ್ಲಿ ರಮ್ಮು, ಸೋಡಾ, ಶಕ್ತಿಪೇಯ, ಐಸ್. ಸಿಹಿ ಮತ್ತು ಕೆಫೀನ್ ಸೇರಿ ಅಮಲು ಏರಿದ್ದು ಗೊತ್ತಾಗುವುದಿಲ್ಲ. ಒಂದು ಬಕೆಟನ್ನು ಮೂವರು ಹಂಚಿಕೊಳ್ಳಿ, ಬಾಟಲಿ ಮುಚ್ಚಳ ಕಣ್ಣೆದುರೇ ತೆಗೆಸಿ, ಕೈಯಿಂದ ಕೆಳಗಿಡಬೇಡಿ. ಉರಿಯುವ ಹಗ್ಗದ ಮೇಲೆ ಹಾರುವ ಆಟವಿದೆ. ಸೀಮೆಎಣ್ಣೆಯಲ್ಲಿ ಅದ್ದಿದ ಹಗ್ಗ ಕಾಲಿಗೆ ಸುತ್ತಿಕೊಂಡರೆ ಬಿಡಿಸುವಷ್ಟರಲ್ಲಿ ಚರ್ಮ ಹೋಗಿರುತ್ತದೆ. ದಯವಿಟ್ಟು ಹಾರಬೇಡಿ. ಮಾದಕ ವಸ್ತುಗಳಿಗೆ ಕಠಿಣ ಶಿಕ್ಷೆಯಿದೆ, ವೇಪ್ (ಇ-ಸಿಗರೇಟು) ಕೂಡ ಈ ದೇಶದಲ್ಲಿ ಕಾನೂನುಬಾಹಿರ.

ರಾತ್ರಿ ನೀರಿಗೆ ಇಳಿಯಬಾರದು. ಈ ದ್ವೀಪದ ನೀರಿನಲ್ಲಿ ಪೆಟ್ಟಿಗೆ ಲೋಳೆಮೀನು ಕುಟುಕಿ ಜನ ಸತ್ತಿದ್ದಾರೆ. ಆದ ಕಾರಣ ದಡಗಳಲ್ಲಿ ವಿನೆಗರ್ ಬಾಟಲಿ ಇಟ್ಟ ಕಂಬಗಳಿವೆ. ಹೋದ ಕೂಡಲೇ ಎಲ್ಲಿದೆ ನೋಡಿಟ್ಟುಕೊಳ್ಳಿ. ಕುಟುಕಿದರೆ ಕನಿಷ್ಠ 30 ಸೆಕೆಂಡ್ ವಿನೆಗರ್ ಸುರಿಯಬೇಕು. ಅದು ನೋವು ತಗ್ಗಿಸುವುದಿಲ್ಲ, ಇನ್ನೂ ಸಿಡಿಯದ ವಿಷಕೋಶಗಳನ್ನು ತಡೆಯುತ್ತದೆ. ಸಿಹಿನೀರು ಹಾಕಿದರೆ, ಉಜ್ಜಿದರೆ ಅವೇ ಕೋಶಗಳು ಸಿಡಿಯುತ್ತವೆ. ತುರ್ತು ವೈದ್ಯಕೀಯ ಸೇವೆಗೆ 1669, ಪ್ರವಾಸಿ ಪೊಲೀಸರಿಗೆ 1155.

ತೋಂಗ್ ಸಾಲಾದಿಂದ ಇಲ್ಲಿಗೆ ಸುಮಾರು 10 ಕಿಲೋಮೀಟರ್. ಬರಲು, ಹೋಗಲು ಸೊಂಗ್‌ಥೇವ್ (ಹಿಂದೆ ಎರಡು ಬೆಂಚಿನ ಪಿಕಪ್) ಹಿಡಿಯಿರಿ. ಈ ರಾತ್ರಿ ಸ್ಕೂಟರ್ ಮುಟ್ಟಬೇಡಿ, ಕುಡಿಯದವರೂ ಕೂಡ. ಎದುರಿಗೆ ಬರುವವನು ಕುಡಿದಿರುತ್ತಾನೆ.

ಆಗಸ್ಟ್ 10, ಭಾನುವಾರ

ಇವತ್ತು ಎಲ್ಲ ದೋಣಿಯೂ ತುಂಬಿರುತ್ತದೆ. ಹೊರಡುವುದಿದ್ದರೆ ಸೀಟು ಮೊದಲೇ ಕಾದಿರಿಸಿ, ಇಲ್ಲವೇ ನಾಳೆ ಹೊರಡಿ. ಹಾದ್ ರಿನ್‌ನಲ್ಲಿ ಹುಣ್ಣಿಮೆ ವಾರಕ್ಕೆ ಮೂರರಿಂದ ಐದು ರಾತ್ರಿ ಒಟ್ಟಿಗೆ ಹಿಡಿದರೆ ಮಾತ್ರ ಕೋಣೆ ಕೊಡುವವರು ಹೆಚ್ಚು.

ಆಗಸ್ಟ್ 11, ಸೋಮವಾರ

ಮೌನಕ್ಕೆ ಬಂದವರಿಗೆ ಈ ವಾರ ಒಳ್ಳೆಯದು. ಸೀ ಥಾನುವಿನ ಯೋಗಶಾಲೆಗಳ ಪಟ್ಟಿಯಲ್ಲಿ ‘ಮೈಸೂರು’ ಎಂಬ ಹೆಸರು ಕಂಡರೆ ಅದು ತರಗತಿಯ ರೀತಿ: ಎಲ್ಲರೂ ಒಟ್ಟಿಗೆ ಅಲ್ಲ, ತಂತಮ್ಮ ಉಸಿರಿನ ಲೆಕ್ಕಕ್ಕೆ ತಾವೇ ಮಾಡುತ್ತ ಹೋಗುವುದು, ಗುರು ಸುಮ್ಮನೆ ಸುತ್ತುತ್ತ ತಿದ್ದುವುದು. ಆಸನಗಳ ಸರಣಿ ಬಾಯಿಪಾಠ ಇಲ್ಲದವರು ಮೊದಲ ದಿನವೇ ಹೇಳಿಬಿಡಿ. ಒಂದೇ ಸಲ ಹತ್ತು ತರಗತಿಗೆ ಹಣ ಕಟ್ಟಬೇಡಿ. ಒಂದು ಮಾಡಿ ನೋಡಿ.

ಸಸ್ಯಾಹಾರಿಗಳಿಗೆ ‘ಮಂಗ್‌ಸವಿರಾತ್’ ಎಂಬ ಪದ ಸಾಲದು. ಮಾಂಸ ತೆಗೆದರೂ ಮೀನಿನ ಸಾಸು ‘ನಾಮ್ ಪ್ಲಾ’ ಉಳಿಯಬಹುದು. ಕರಿ ಪೇಸ್ಟಿನಲ್ಲಿ ‘ಕಪಿ’ ಎಂಬ ಸೀಗಡಿಯ ಮುದ್ದೆ ಅರೆದಿರುತ್ತಾರೆ, ಪಪ್ಪಾಯಿ ಸಲಾಡಿನಲ್ಲಿ ಒಣ ಸೀಗಡಿ. ಕೇಳಬೇಕಾದ್ದು ‘ಜೇ’: ಮಾಂಸ, ಮೀನು, ಮೊಟ್ಟೆ, ಹಾಲು ಇಲ್ಲ, ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲ. ಹಳದಿ ಬಾವುಟದ ಮೇಲೆ ಕೆಂಪು ಅಕ್ಷರ ಇರುವ ಅಂಗಡಿ ಅದು. ಮಾಮೂಲಿ ಅಂಗಡಿಯಲ್ಲಾದರೆ ‘ಮಾಯ್ ಸಾಯ್ ನಾಮ್ ಪ್ಲಾ, ಮಾಯ್ ಸಾಯ್ ಖಾಯ್’, ಮೀನಿನ ಸಾಸು ಬೇಡ, ಮೊಟ್ಟೆ ಬೇಡ.

ಇನ್ನೂ ಗಟ್ಟಿಯಾದ ಮೌನ ಬೇಕೆಂದರೆ ದ್ವೀಪ ಬಿಟ್ಟು ಮುಖ್ಯ ಭೂಮಿಗೆ ಹೋಗಬೇಕು. ಸೂರತ್ ಥಾನಿಯ ಚೈಯಾದಲ್ಲಿ ಬುದ್ಧದಾಸ ಭಿಕ್ಷುಗಳು ಕಟ್ಟಿದ ಸುವಾನ್ ಮೋಕ್ ಆಶ್ರಮದ ಶಿಬಿರ ತಿಂಗಳ 1ರಂದು ಶುರುವಾಗಿ ಹತ್ತು ದಿನ ನಡೆಯುತ್ತದೆ. ನಸುಕಿನ ನಾಲ್ಕಕ್ಕೆ ಗಂಟೆ ಬಾರಿಸುತ್ತಾರೆ. ಹಿಂದಿನ ದಿನವೇ ಅಲ್ಲಿರಬೇಕು. ಮುಂದಿನ ಶಿಬಿರಕ್ಕಾದರೆ ಆಗಸ್ಟ್ 30ಕ್ಕೆ ತೋಂಗ್ ಸಾಲಾದಲ್ಲಿ ದೋಣಿ ಹತ್ತಿ.