ಪ್ರೊಸೆಸರ್ ಮಾಡಿದ ಲೆಕ್ಕವನ್ನೂ ತಾಳೆ ನೋಡಿ

ಹಳೇ ಕಂಪ್ಯೂಟರ್ ಕೊಳ್ಳಲು ಅಂಗಡಿಗೆ ಬರುವವರು ಮೊದಲು ಕೇಳುವುದು "ಹ್ಯಾಂಗ್ ಆಗಲ್ಲ ತಾನೆ ಸಾರ್?" ಅಂತ. ಆಮೇಲೆ ವಾರಂಟಿ. "ಇದು ಲೆಕ್ಕ ಸರಿಯಾಗಿ ಮಾಡುತ್ತಾ?" ಅಂತ ಇದುವರೆಗೆ ಒಬ್ಬರೂ ಕೇಳಿಲ್ಲ. ಕಂಪ್ಯೂಟರ್ ಅಂದಮೇಲೆ ಲೆಕ್ಕ ಸರಿ ಇದ್ದೇ ಇರುತ್ತೆ, ಅಲ್ವಾ?

ತುಮಕೂರಿನ ನಮ್ಮ ಅಂಗಡಿಯಿಂದ ಹೋಗುವ ಸಿಸ್ಟಂಗಳು ಹೆಚ್ಚಾಗಿ ಸೇರುವುದು ತಿಪಟೂರು, ಗುಬ್ಬಿ ಕಡೆಯ ಕೊಬ್ಬರಿ ಮಂಡಿಗಳಿಗೆ, ಸಹಕಾರ ಸಂಘಗಳಿಗೆ, ಇಂಜಿನಿಯರಿಂಗ್ ಹುಡುಗರ ರೂಮುಗಳಿಗೆ. ಎಲ್ಲ ಕಡೆಯೂ ಅದರ ಕೆಲಸ ಲೆಕ್ಕವೇ. ಹ್ಯಾಂಗ್ ಆಗುವ ಮಷೀನು ತನ್ನ ಕಾಯಿಲೆಯನ್ನು ತಾನೇ ಹೇಳಿಕೊಳ್ಳುತ್ತೆ, ಜನ ರಿಪೇರಿಗೆ ತರುತ್ತಾರೆ. ತಪ್ಪು ಉತ್ತರ ಕೊಟ್ಟು ಏನೂ ಆಗದಂತೆ ಓಡುತ್ತಿರುವ ಮಷೀನು ಕಂಡರೆ ನನಗೆ ಭಯ. ಅದಕ್ಕೇ ಲೆಕ್ಕದ ಪರೀಕ್ಷೆ ಮಾಡದೆ ಯಾವ ಹಳೇ ಸಿಸ್ಟಮನ್ನೂ ನಾನು ಕೈಬಿಡುವುದಿಲ್ಲ.

ಈ ಭಯ ಹುಟ್ಟಿದ್ದು ಇಂಟೆಲ್ ಕಂಪನಿಯ ಪೆಂಟಿಯಂ ಪ್ರೊಸೆಸರ್ (ಕಂಪ್ಯೂಟರಿನ ಲೆಕ್ಕ ಮಾಡುವ ಚಿಪ್) ಕಥೆ ಓದಿದ ಮೇಲೆ. 1994ರಲ್ಲಿ ಅಮೆರಿಕದ ವರ್ಜೀನಿಯಾದ ಲಿಂಚ್‌ಬರ್ಗ್ ಕಾಲೇಜಿನಲ್ಲಿ ಥಾಮಸ್ ನೈಸ್ಲಿ ಅಂತ ಒಬ್ಬರು ಗಣಿತದ ಮೇಷ್ಟ್ರು ಅವಳಿ ಅವಿಭಾಜ್ಯ ಸಂಖ್ಯೆಗಳ ಮೇಲೆ ಕೆಲಸ ಮಾಡುತ್ತಿದ್ದರು. ಅಂದರೆ 11 ಮತ್ತು 13, 17 ಮತ್ತು 19, ಹೀಗೆ ಎರಡರ ಅಂತರದ ಜೋಡಿಗಳು. ಪ್ರತಿ ಸಂಖ್ಯೆಯಿಂದ ಒಂದನ್ನು ಭಾಗಿಸಿ ಬಂದದ್ದನ್ನೆಲ್ಲ ಕೂಡಿಸುತ್ತಾ ಹೋಗುವುದು ಅವರ ಲೆಕ್ಕ. ಹೊಸ ಪೆಂಟಿಯಂ ಸೇರಿಸಿದ ಮೇಲೆ ಮೊತ್ತ ಹೊಂದಲಿಲ್ಲ. ತಿಂಗಳುಗಟ್ಟಲೆ ಒಂದೊಂದೇ ಅನುಮಾನ ಬಿಡಿಸುತ್ತಾ ಬಂದರು. ಕೊನೆಗೆ ಸಿಕ್ಕಿಬಿದ್ದದ್ದು 824633702441 ಅನ್ನೋ ಒಂದು ಸಂಖ್ಯೆ. ಒಂದನ್ನು ಅದರಿಂದ ಭಾಗಿಸಿ, ಬಂದ ಉತ್ತರವನ್ನು ಅದರಿಂದಲೇ ಗುಣಿಸಿದರೆ ಮತ್ತೆ 1 ಬರಬೇಕು. ಪೆಂಟಿಯಂ ಕೊಟ್ಟದ್ದು 0.999999996274709702. ನಾವೆಲ್ಲ ಪ್ರೈಮರಿ ಸ್ಕೂಲಲ್ಲಿ ಭಾಗಾಕಾರ ಮಾಡಿ, ಗುಣಿಸಿ ತಾಳೆ ನೋಡ್ತಿದ್ವಲ್ಲ, ಅದೇ ಪರೀಕ್ಷೆ. ಪ್ರಪಂಚದ ದೊಡ್ಡ ಚಿಪ್ ಕಂಪನಿ ಅದರಲ್ಲಿ ಫೇಲ್ ಆಯಿತು.

ಕಾರಣ ಬಹಳ ಸಣ್ಣದು. ಕಾಗದದ ಮೇಲೆ ದೊಡ್ಡ ಭಾಗಾಕಾರ ಮಾಡುವಾಗ ನಾವು ಮೊದಲ ಅಂಕಿಗಳನ್ನು ನೋಡಿ "ಇದು ಎಷ್ಟು ಸಲ ಹೋಗಬಹುದು" ಅಂತ ಅಂದಾಜು ಮಾಡುತ್ತೇವೆ. ಪೆಂಟಿಯಂ ಮಾಡುತ್ತಿದ್ದದ್ದೂ ಅದನ್ನೇ, ಆದರೆ ಆ ಅಂದಾಜಿಗೆ ಚಿಪ್ಪಿನ ಒಳಗೆ ಒಂದು ಕೋಷ್ಟಕ ಬರೆದಿಟ್ಟಿದ್ದರು. ಭಾಜಕದ ಮೊದಲ ಬಿಟ್‌ಗಳು (0, 1ರ ಅಂಕಿಗಳು) ಇಷ್ಟು, ಉಳಿದ ಶೇಷ ಇಷ್ಟು, ಹಾಗಾದರೆ ಮುಂದಿನ ಅಂಕಿ ಇದು, ಅಂತ. ಆ ಕೋಷ್ಟಕದಲ್ಲಿ 2 ಇರಬೇಕಾದ ಕೆಲವು ಮನೆಗಳು ಖಾಲಿ ಉಳಿದು 0 ಆಗಿದ್ದವು. ಅವುಗಳಲ್ಲಿ ಲೆಕ್ಕ ಕೆಡಿಸುತ್ತಿದ್ದದ್ದು ಐದು ಮನೆ.

ಆಮೇಲೆ ಟಿಮ್ ಕೋ ಅನ್ನೋ ಇಂಜಿನಿಯರ್ ಎದ್ದು ಕಾಣುವ ಒಂದು ಉದಾಹರಣೆ ಹುಡುಕಿಕೊಟ್ಟರು. 4195835 ಅನ್ನು 3145727ರಿಂದ ಭಾಗಿಸಿ. ಸರಿಯಾದ ಉತ್ತರ 1.33382ರಿಂದ ಶುರುವಾಗುತ್ತೆ. ಕೆಟ್ಟ ಪೆಂಟಿಯಂ 1.33373 ಅನ್ನುತ್ತಿತ್ತು. ತಿರುಗಿ ಗುಣಿಸಿದರೆ 256 ಕಡಿಮೆ! 3145727 ಸುಮ್ನೆ ಸಿಕ್ಕ ಸಂಖ್ಯೆಯಲ್ಲ. ಬೈನರಿಯಲ್ಲಿ, ಅಂದರೆ ಬರೀ 0 ಮತ್ತು 1ರಲ್ಲಿ ಬರೆದು ನೋಡಿ: ಮೊದಲು 10, ಅದರ ಹಿಂದೆ ಸಾಲಾಗಿ 20 ಒಂದುಗಳು. ಭಾಜಕದಲ್ಲಿ ಇಂಥ ಒಂದುಗಳ ಸಾಲು ಇದ್ದಾಗಲೇ ಲೆಕ್ಕ ಆ ಖಾಲಿ ಮನೆಗೆ ಹೋಗಿ ಬೀಳುತ್ತಿತ್ತು. ಕಣ್ಣುಮುಚ್ಚಿ ಸಂಖ್ಯೆ ಆರಿಸಿ ಪರೀಕ್ಷೆ ಮಾಡಿದರೆ ಇದು ಸಿಗುವುದು ಕಷ್ಟ. ಇಂಟೆಲ್ ಲೆಕ್ಕದ ಪ್ರಕಾರ 900 ಕೋಟಿ ಭಾಗಾಕಾರಕ್ಕೆ ಒಂದು ತಪ್ಪು, ಸಾಮಾನ್ಯ ಬಳಕೆದಾರನಿಗೆ 27,000 ವರ್ಷಕ್ಕೊಮ್ಮೆ. ಐಬಿಎಂ ತಾನೇ ಲೆಕ್ಕ ಹಾಕಿ, 24 ದಿನಕ್ಕೊಮ್ಮೆ ಬರಬಹುದು ಅಂತ ಹೇಳಿ ಪೆಂಟಿಯಂ ಇರುವ ಕಂಪ್ಯೂಟರ್ ಮಾರುವುದನ್ನೇ ನಿಲ್ಲಿಸಿತು. ಕೊನೆಗೆ 1994ರ ಡಿಸೆಂಬರ್ 20ರಂದು, ಕೇಳಿದವರಿಗೆಲ್ಲ ಚಿಪ್ ಬದಲಾಯಿಸಿ ಕೊಡುತ್ತೇವೆ ಅಂತ ಇಂಟೆಲ್ ಒಪ್ಪಿತು. ಅದರ ಖರ್ಚು 47.5 ಕೋಟಿ ಡಾಲರ್.

ಈಗಲೂ ಕೆಲವರು 4195835ರ ಭಾಗಾಕಾರವನ್ನು ಎಕ್ಸೆಲ್‌ನಲ್ಲಿ ಹಾಕಿ, "ನಂದು ಸರಿ ಇದೆ" ಅಂತ ಸಮಾಧಾನ ಪಡುತ್ತಾರೆ. ಅದು 1994ರ ಚಿಪ್ಪಿಗೆ ಮಾಡಿದ ಪರೀಕ್ಷೆ. ಆಗಿನದು ಡಿಸೈನ್ ತಪ್ಪು, ಆ ಡಿಸೈನಿನ ಚಿಪ್ಪುಗಳೆಲ್ಲ ಒಂದೇ ಥರ ತಪ್ಪುತ್ತಿದ್ದವು. ಈಗಿನ ಕಾಯಿಲೆ ಬೇರೆ. ಒಂದೇ ಮಾಡೆಲ್‌ನ ಸಾವಿರ ಚಿಪ್ಪು ಸರಿಯಿದ್ದು ಯಾವುದೋ ಒಂದು, ಅದರಲ್ಲೂ ಒಂದೇ ಒಂದು ಕೋರ್ (ಚಿಪ್ಪಿನೊಳಗೆ ತಾನೇ ಲೆಕ್ಕ ಮಾಡುವ ಒಂದು ಭಾಗ) ತಪ್ಪುತ್ತೆ. 2021ರಲ್ಲಿ ಫೇಸ್‌ಬುಕ್ ಇಂಜಿನಿಯರ್‌ಗಳು ಇಂಥದ್ದೊಂದನ್ನು ಬರೆದು ಪ್ರಕಟಿಸಿದರು. 1.1ರ 53ನೇ ಘಾತದ ಪೂರ್ಣಾಂಕ 156 ಆಗಬೇಕು, ಆ ಚಿಪ್ಪಿನ 59ನೇ ಕೋರ್ ಮಾತ್ರ 0 ಅನ್ನುತ್ತಿತ್ತು. 52ನೇ ಘಾತ ಕೇಳಿದರೆ ಅದೇ ಕೋರ್ ಸರಿಯಾಗಿ 142 ಅನ್ನುತ್ತಿತ್ತು! ಕುಗ್ಗಿಸಿಟ್ಟ ಫೈಲ್ ಬಿಚ್ಚುವಾಗ ಅದರ ಸೈಜು ಸೊನ್ನೆ ಅಂತ ಬಂದು, ಫೈಲುಗಳೇ ಕಾಣೆಯಾಗುತ್ತಿದ್ದವು. ಎಲ್ಲೂ ಎರರ್ ಮೆಸೇಜ್ ಇಲ್ಲ. ಅದೇ ವರ್ಷ ಗೂಗಲ್‌ನವರೂ, ಕೆಲವು ಸಾವಿರ ಮಷೀನುಗಳಲ್ಲಿ ಇಂಥ ಕೋರ್‌ಗಳು ಕೆಲವು ಸಿಗುತ್ತವೆ ಅಂತ ಬರೆದರು.

ನನ್ನ ಕೈಗೂ ಒಂದು ಸಿಕ್ಕಿದೆ. ಯಾವುದೋ ಆಫೀಸಿನಿಂದ ಲಾಟಲ್ಲಿ ಬಂದ ಸಿಸ್ಟಂ. ವಿಂಡೋಸ್ ಚೆನ್ನಾಗಿ ಏರಿತು, ಯೂಟ್ಯೂಬ್ ಓಡಿತು. ದೊಡ್ಡ ಜಿಪ್ ಫೈಲ್ ಬಿಚ್ಚಿದರೆ ಮಾತ್ರ ಒಮ್ಮೊಮ್ಮೆ ಸಿಆರ್‌ಸಿ ಎರರ್, ಅಂದರೆ ಬಿಚ್ಚಿದ ಫೈಲು ಮೂಲಕ್ಕೆ ತಾಳೆಯಾಗಲಿಲ್ಲ ಅಂತ. ಇಂಥ ಎರರ್ ಬಂದರೆ ಎಲ್ಲರೂ ಡೌನ್‌ಲೋಡ್ ಸರಿಯಾಗಿಲ್ಲ ಅಂದುಕೊಳ್ಳುತ್ತಾರೆ. ಅದೇ ಫೈಲು ಪಕ್ಕದ ಮಷೀನಲ್ಲಿ ಪ್ರತಿ ಸಲವೂ ಸರಿಯಾಗಿ ಬಿಚ್ಚಿತು. ಪ್ರೈಮ್95 ಹಾಕಿ ಟಾರ್ಚರ್ ಟೆಸ್ಟ್ ಓಡಿಸಿದೆ. ದೊಡ್ಡ ಅವಿಭಾಜ್ಯ ಸಂಖ್ಯೆಗಳನ್ನು ಹುಡುಕುವವರ ಸಾಫ್ಟ್‌ವೇರ್ ಅದು. ಉತ್ತರ ಮೊದಲೇ ಗೊತ್ತಿರುವ ಲೆಕ್ಕಗಳನ್ನು ಪ್ರೊಸೆಸರ್‌ನಿಂದ ಮಾಡಿಸಿ ಹೋಲಿಸಿ ನೋಡುತ್ತೆ. ಮೂರನೇ ವರ್ಕರ್ (ಒಂದು ಕೋರ್ ಮೇಲೆ ಓಡುವ ಪರೀಕ್ಷೆ) ನಿಂತುಹೋಯಿತು: ರೌಂಡಿಂಗ್, ಅಂದರೆ ಉತ್ತರಕ್ಕೂ ಹತ್ತಿರದ ಪೂರ್ಣಾಂಕಕ್ಕೂ ಇರುವ ವ್ಯತ್ಯಾಸ, 0.4ಕ್ಕಿಂತ ಕಡಿಮೆ ಇರಬೇಕಿತ್ತು, 0.5 ಬಂದಿದೆ ಅಂತ. ಉಳಿದವು ಆರಾಮಾಗಿ ಓಡುತ್ತಿದ್ದವು. ರ್‍ಯಾಮ್ ಬದಲಾಯಿಸಿದೆ, ಎಸ್‌ಎಂಪಿಎಸ್ (ಕರೆಂಟ್ ಕೊಡುವ ಪೆಟ್ಟಿಗೆ) ಬದಲಾಯಿಸಿದೆ, ಥರ್ಮಲ್ ಪೇಸ್ಟ್ ಹೊಸದು ಹಾಕಿದೆ. ಮತ್ತೆ ಮೂರನೆಯದೇ. ಪ್ರೊಸೆಸರ್ ಕಿತ್ತು ಬೇರೆ ಬೋರ್ಡಿಗೆ ಹಾಕಿದರೆ ತಪ್ಪೂ ಅದರ ಜೊತೆಗೇ ಹೋಯಿತು. ಆ ಚಿಪ್ ಮಾರುವ ಮಾತೇ ಇಲ್ಲ. ಅದನ್ನು ಪ್ಯಾಕ್ ಮಾಡಿ ಇಟ್ಟಿದ್ದೇನೆ, ಅಂಗಡಿಗೆ ಕಲಿಯಲು ಬರುವ ಹುಡುಗರಿಗೆ ಓಡಿಸಿ ತೋರಿಸುತ್ತೇನೆ.

ಮಂಡಿ ಗುಮಾಸ್ತರು ಕೆಲವೊಮ್ಮೆ "ಏನಪ್ಪಾ, ನಿನ್ನ ಕಂಪ್ಯೂಟರ್ ಪೈಸೆ ತಪ್ಪು ತೋರಿಸುತ್ತೆ" ಅಂತ ಬರುತ್ತಾರೆ. ಅದಕ್ಕೆ ಹೆಚ್ಚಿನ ಸಲ ಪ್ರೊಸೆಸರ್ ಕಾರಣವಲ್ಲ. 0.1 ಅನ್ನು ಬೈನರಿಯಲ್ಲಿ ಪೂರ್ತಿ ಬರೆಯಲು ಆಗುವುದಿಲ್ಲ. ಅದಕ್ಕೇ ಪೈಥಾನ್‌ನಲ್ಲಿ 0.1ಕ್ಕೆ 0.2 ಕೂಡಿಸಿದರೆ 0.30000000000000004 ಬರುತ್ತೆ. ಯಾವ ಕಂಪನಿಯ ಚಿಪ್ಪಿನಲ್ಲಿ ಮಾಡಿದರೂ ಇದೇ ಬರಬೇಕು, 1985ರಲ್ಲೇ ಅದಕ್ಕೊಂದು ಸ್ಟ್ಯಾಂಡರ್ಡ್ ಮಾಡಿದ್ದಾರೆ. ಎಲ್ಲ ಮಷೀನಲ್ಲೂ ಒಂದೇ ಥರ ಬಂದರೆ ಫಾರ್ಮುಲಾದಲ್ಲಿ ರೌಂಡ್ ಮಾಡಿ, ಮುಗಿಯಿತು. ಒಂದೇ ಫೈಲು ನಿಮ್ಮಲ್ಲಿ ಒಂದು, ಪಕ್ಕದವರಲ್ಲಿ ಒಂದು ತೋರಿಸಿದರೆ, ಅಥವಾ ಬೆಳಿಗ್ಗೆ ಒಂದು ಸಂಜೆ ಒಂದು ಅಂದರೆ, ಆಗ ಮಷೀನು ತನ್ನಿ.

ಮನೆಯಲ್ಲೇ ನೋಡುವುದಾದರೆ, ಪ್ರೈಮ್95ರಲ್ಲಿ ಮೊದಲು ಸ್ಮಾಲ್ ಎಫ್‌ಎಫ್‌ಟಿ ಅನ್ನೋ ಪರೀಕ್ಷೆ ಆರಿಸಿ. ಅದು ಹೆಚ್ಚಾಗಿ ಪ್ರೊಸೆಸರ್ ಒಳಗೇ ಓಡುತ್ತೆ, ರ್‍ಯಾಮ್ ಮೇಲೆ ಅನುಮಾನ ಕಡಿಮೆ. ಆಮೇಲೆ ರ್‍ಯಾಮನ್ನೂ ದುಡಿಸುವ ಬ್ಲೆಂಡ್ ಓಡಿಸಿ. ಬ್ಲೆಂಡಲ್ಲಿ ಮಾತ್ರ ತಪ್ಪು ಬಂದರೆ ಮೊದಲು ರ್‍ಯಾಮ್ ನೋಡಿ. ಓವರ್‌ಕ್ಲಾಕ್ ಮಾಡಿದ್ದರೆ, ಅಂದರೆ ಕಂಪನಿ ಹೇಳಿದ್ದಕ್ಕಿಂತ ಹೆಚ್ಚು ವೇಗಕ್ಕೆ ಇಟ್ಟಿದ್ದರೆ, ಬಯಾಸ್‌ನಲ್ಲಿ (ವಿಂಡೋಸ್ ಏರುವ ಮೊದಲು ತೆರೆಯುವ ಸೆಟ್ಟಿಂಗ್) ಅದನ್ನು ತೆಗೆದು ಪರೀಕ್ಷಿಸಿ. ತಂಪಾಗಿರುವಾಗ ಪಾಸಾಗಿ ಬಿಸಿಯಾದ ಮೇಲೆ ತಪ್ಪುವ ಚಿಪ್ಪುಗಳೂ ಇವೆ, ಹಾಗಾಗಿ ಹತ್ತು ನಿಮಿಷಕ್ಕೆ ನಿಲ್ಲಿಸಬೇಡಿ. ಒಂದು ರಾತ್ರಿ ಪೂರ್ತಿ ಓಡಲಿ. ಲ್ಯಾಪ್‌ಟಾಪ್ ಆದರೆ ಹಾಸಿಗೆ ಮೇಲೆ ಇಡದೆ ಟೇಬಲ್ ಮೇಲಿಟ್ಟು ಓಡಿಸಿ, ಗಾಳಿ ಆಡಲಿ.